ಅಂಗಡಿ ಬೆಕ್ಕಿಗೆ ಫಿಟ್ಸ್ ಬಂದರೆ

ನಂಜನಗೂಡು, ತಿ. ನರಸೀಪುರದ ದಿನಸಿ ಅಂಗಡಿಗಳಲ್ಲಿ ಇಲಿ ಕಾಟಕ್ಕೆಂದು ಸಾಕಿದ ಮರಿ ಬೆಕ್ಕು ಇದ್ದಕ್ಕಿದ್ದಂತೆ ಬಿದ್ದು ಕಾಲು ಬಡಿಯತೊಡಗಿದರೆ 'ಗಾಳಿ ಸೋಕಿದೆ ಕಣ್ರೀ, ಕಬ್ಬಿಣ ಮುಟ್ಟಿಸಿ' ಎನ್ನುವವರೇ ಹೆಚ್ಚು. ಕಬ್ಬಿಣ ಬಿಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಇಲ್ಲವೇ ಒಂದರ ಹಿಂದೊಂದು ಬಂದರೆ, ತಕ್ಷಣ ಪಶು ಆಸ್ಪತ್ರೆ. ಬಾಯಿಗೆ ಬೆರಳು, ನೀರು ಬೇಡವೇ ಬೇಡ. ಕಚ್ಚಿತೋ, ಹುಚ್ಚುರೋಗದ ಭಯವುಂಟು. ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಚುಚ್ಚುಮದ್ದಿಗೆ ಹೋಗಬೇಕು.

ಗೊತ್ತಾಗದ ಕಾರಣ ಎಷ್ಟೋ ಸಲ ಕಪಾಟಿನಲ್ಲೇ ಇರುತ್ತದೆ. ನಾಯಿಯ ಉಣ್ಣೆ ಹುಳಕ್ಕೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಇಲಿ ಪಾಷಾಣವೂ ಅಷ್ಟೇ. ಬೆಕ್ಕೂ ಸಾಕಿ ಪಾಷಾಣವೂ ಇಡುವುದು ಯಾವ ಲೆಕ್ಕ? ಏನೂ ಸಿಗದೆ ಫಿಟ್ಸ್ ಮರುಕಳಿಸುತ್ತಿದ್ದರೆ ಡಾಕ್ಟರು ಫಿನೋಬಾರ್ಬಿಟೋನ್ ಮಾತ್ರೆ ಬರೆಯಬಹುದು. ಬೆಕ್ಕು ಗೆಲುವಾಯಿತೆಂದು ಅದನ್ನು ದಿಢೀರನೆ ನಿಲ್ಲಿಸಿದರೆ ಇನ್ನೂ ಜೋರಾಗಿ ಬಂದೀತು.