ಯಂತ್ರಕಂಠವೂ ರಚನಾಸ್ವಾತಂತ್ರ್ಯವೂ

ಪದ ಕಟ್ಟುವವನಿಗೆ ಹಾಡುವವರ ಹಂಗು ಹಿಂದಿನಿಂದಲೂ ಉಂಟು. ಧಾಟಿಯನ್ನು ಮನಸ್ಸಿನಲ್ಲಿ ಎಷ್ಟೇ ಚೆನ್ನಾಗಿ ಕೂಡಿಸಿಕೊಂಡಿದ್ದರೂ ಅದು ಲೋಕಕ್ಕೆ ಮುಟ್ಟಬೇಕಾದರೆ ಒಂದು ಕಂಠ ಬೇಕು. ಸ್ವಂತ ಕಂಠ ಒಲಿಯದವನು ಪರರ ಬಾಗಿಲಿಗೆ ಹೋಗಬೇಕು. ಗಾಯಕರ ಸಂಭಾವನೆ, ಧ್ವನಿಮುದ್ರಣಶಾಲೆಯ ಬಾಡಿಗೆ, ಪ್ರಕಾಶಕರ ಕೃಪೆ ಎಂಬ ಹೊಸ್ತಿಲುಗಳನ್ನು ದಾಟಲಾರದೆ ಹುಟ್ಟಿದಲ್ಲಿಯೇ ಅಡಗಿಹೋದ ಹಾಡುಗಳೆಷ್ಟೋ! ಜಪಾನ್ ದೇಶದ ಸಾಮಾನ್ಯ ಯುವಕರು ಈ ಶತಮಾನದ ಮೊದಲ ದಶಕದಲ್ಲಿ ಯಂತ್ರವೊಂದರ ನೆರವಿನಿಂದ ಈ ಹಂಗನ್ನು ಕಳೆದುಕೊಂಡರು. ಆ ವೃತ್ತಾಂತದಲ್ಲಿ ನಮ್ಮ ದೇಶದವರೂ ಇಂದು ವಿಚಾರಮಾಡತಕ್ಕ ಅಂಶವೊಂದಿರುವುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಯಂತ್ರದಿಂದ ಹಾಡಿಸುವುದು ತೀರ ಹೊಸ ಸಂಗತಿಯೇನೂ ಅಲ್ಲ. 1961ರಲ್ಲಿಯೇ ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಗಣಕಯಂತ್ರವು 'ಡೈಸಿ ಬೆಲ್' ಎಂಬ ಹಳೆಯ ಹಾಡನ್ನು ಹಾಡಿತ್ತು. ಆದರೆ ಅದು ವಿಜ್ಞಾನಿಗಳ ಕುತೂಹಲದ ವಸ್ತುವಾಗಿಯೇ ಉಳಿಯಿತು. ಯಮಾಹಾ ಕಂಪನಿಯವರು ಸ್ಪೇನಿನ ಬಾರ್ಸಿಲೋನಾ ನಗರದ ವಿಶ್ವವಿದ್ಯಾನಿಲಯದ ಸಂಶೋಧಕರೊಡನೆ ಸೇರಿ ನಡೆಸಿದ ಶೋಧನೆಯಿಂದ 'ವೊಕಲಾಯ್ಡ್' ಎಂಬ ತಂತ್ರಾಂಶ ಸಿದ್ಧವಾಗಿ 2003ರಲ್ಲಿ ಪ್ರಕಟವಾಯಿತು. ಅದರ ಆಧಾರದ ಮೇಲೆ ಸಪ್ಪೊರೊ ಪಟ್ಟಣದ ಕ್ರಿಪ್ಟಾನ್ ಫ್ಯೂಚರ್ ಮೀಡಿಯಾ ಎಂಬ ಸಂಸ್ಥೆಯು 2007ನೆಯ ಇಸವಿ ಆಗಸ್ಟ್ 31ರಂದು ಮಾರಾಟಕ್ಕೆ ತಂದ ಕಂಠದ ಹೆಸರು 'ಹಾತ್ಸುನೆ ಮಿಕು'. ಹದಿನಾರು ವರ್ಷದ ಹುಡುಗಿಯೊಬ್ಬಳ ಚಿತ್ರವನ್ನೂ ಅದಕ್ಕೆ ಜೋಡಿಸಿದ್ದರು.

ಹುಡುಗಿ ಕಲ್ಪಿತಳಾದರೂ ಕಂಠ ಕಲ್ಪಿತವಲ್ಲವೆಂಬುದನ್ನು ಮರೆಯಲಾಗದು. ಅದು ಫುಜಿತಾ ಸಾಕಿ ಎಂಬ ನಟಿಯದು. ಜಪಾನಿನ ಕಾನಾ ಲಿಪಿಯಲ್ಲಿ ನಮ್ಮ ಕಾಗುಣಿತದಂತೆಯೇ ವ್ಯಂಜನಕ್ಕೆ ಸ್ವರ ಕೂಡಿ ಅಕ್ಷರವಾಗುತ್ತದೆ. ಒಂದು ಧ್ವನಿಯಿಂದ ಇನ್ನೊಂದಕ್ಕೆ ನಾಲಗೆ ಹೊರಳುವ ರೀತಿಗಳೆಲ್ಲವೂ ಸಿಕ್ಕುವಂತೆ ಆಕೆಯಿಂದ ಅಕ್ಷರಮಾಲೆಗಳನ್ನು ಹೇಳಿಸಿ, ಆ ಧ್ವನಿಯ ತುಣುಕುಗಳನ್ನು ಕೂಡಿಟ್ಟರು. ರಚನೆಗಾರನು ಸ್ವರಗಳ ಕೆಳಗೆ ಸಾಹಿತ್ಯವನ್ನು ಬರೆದರೆ ಯಂತ್ರವು ತುಣುಕುಗಳನ್ನು ಹೊಂದಿಸಿ, ಶ್ರುತಿಗೆ ಏರಿಸಿ ಇಳಿಸಿ ಹಾಡುತ್ತದೆ. ಯಾವ ಅಕ್ಷರವನ್ನು ಒತ್ತಬೇಕು, ಎಲ್ಲಿ ಕಂಪನ ಕೊಡಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದನ್ನು ನಿರ್ಧರಿಸುವವನು ರಚನೆಗಾರನೇ. ಆದುದರಿಂದ ಯಂತ್ರವೇ ಹಾಡು ಕಟ್ಟಿತೆನ್ನುವುದು, ವೀಣೆಯೇ ರಾಗವನ್ನು ಬೆಳೆಸಿತೆಂದಷ್ಟೇ ಅಸಂಗತವಾದ ಮಾತು.

ಮುಂದೆ ನಡೆದುದು ಆಶ್ಚರ್ಯಕರವಾದುದು. ಒಬ್ಬನು ಮನೆಯಲ್ಲಿ ಕುಳಿತು ಕಟ್ಟಿದ ಹಾಡನ್ನು ಅಂತರ್ಜಾಲದ 'ನಿಕೊನಿಕೊ' ಎಂಬ ಚಲಚ್ಚಿತ್ರ ತಾಣದಲ್ಲಿ ಇರಿಸುವನು. ಅದಕ್ಕೆ ಇನ್ನೊಬ್ಬನು ಚಿತ್ರ ಬರೆಯುವನು. ಮತ್ತೊಬ್ಬನು ಕುಣಿತ ಕೂಡಿಸುವನು. ಬೇರೊಬ್ಬಳು ಅದನ್ನು ತನ್ನ ಕಂಠದಿಂದಲೇ ಹಾಡಿ ತೋರಿಸುವಳು. ಮನುಷ್ಯನ ಉಸಿರಿಗೆ ಎಡೆಗೊಡದ ವೇಗದಲ್ಲಿ ಕಟ್ಟಿದ ಹಾಡುಗಳನ್ನು ಸಹ ಮನುಷ್ಯರೇ ಹಟದಿಂದ ಕಲಿತು ಹಾಡಿದರು. 2011ರಲ್ಲಿ ಹೊರಬಂದ 'ಸೆಂಬೊಂಜಾಕುರಾ' ಎಂಬ ಮಿಕುವಿನ ಹಾಡನ್ನು ಹಿರಿಯ ಗಾಯಕಿ ಕೊಬಯಾಶಿ ಸಚಿಕೊ ಅವರು 2015ರ ವರ್ಷಾಂತ್ಯದಲ್ಲಿ ಜಪಾನಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಯ ಪ್ರಸಿದ್ಧ ಸಂಗೀತೋತ್ಸವದಲ್ಲಿ ಹಾಡಿದರು. ಎಂಬತ್ತು ವರ್ಷದ ವೃದ್ಧ ವಿದ್ವಾಂಸ ತೊಮಿತಾ ಇಸಾವೊ ಅವರು 2012ರಲ್ಲಿ ತಮ್ಮ 'ಇಹಾತೊವ್' ಮಹಾಕೃತಿಯಲ್ಲಿ ಪೂರ್ಣ ವಾದ್ಯಮೇಳದ ನಡುವೆ ಮಿಕುವಿಗೆ ಸ್ಥಾನ ಕೊಟ್ಟರು. ಇಂದು ಆ ದೇಶದ ಮೊದಲ ಸಾಲಿನ ಗಾಯಕರಲ್ಲಿ ಒಬ್ಬರಾದ ಯೊನೆಜು ಕೆನ್ಶಿ ಅವರು 'ಹಾಚಿ' ಎಂಬ ಅಂಕಿತದಿಂದ ಯಂತ್ರಕಂಠದ ಹಾಡುಗಳನ್ನು ರಚಿಸುತ್ತ ಬೆಳೆದವರು. ಯಂತ್ರ ಬಂದರೆ ಮನುಷ್ಯನ ಕಂಠ ಬತ್ತುವುದೆಂದು ಹೆದರಿದವರಿಗೆ ಇದೇ ಉತ್ತರ.

ಈ ಬೆಳಸಿಗೆ ಯಂತ್ರವೊಂದೇ ಕಾರಣವೆಂದು ತಿಳಿದರೆ ವಿಷಯದ ತಿರುಳು ತಪ್ಪಿಹೋಗುತ್ತದೆ. ಕಂಠವನ್ನು ಕೊಂಡವನು ಕಟ್ಟಿದ ಹಾಡು ಕಟ್ಟಿದವನದೇ ಎಂದು ಸಂಸ್ಥೆಯವರು ಒಪ್ಪಿದರು. ಲಾಭದ ಉದ್ದೇಶವಿಲ್ಲದೆ ಮಿಕುವಿನ ಚಿತ್ರವನ್ನು ಯಾರೂ ಬಳಸಬಹುದೆಂದು ನಿಯಮ ಮಾಡಿದರು. 2007ರ ಡಿಸೆಂಬರಿನಲ್ಲಿ 'ಪಿಯಾಪ್ರೊ' ಎಂಬ ತಾಣವನ್ನು ತೆರೆದು, ಒಬ್ಬರ ಕೃತಿಯನ್ನು ಇನ್ನೊಬ್ಬರು ಹೆಸರು ಹೇಳಿ ಬಳಸುವ ಪದ್ಧತಿಯನ್ನು ರೂಢಿಗೆ ತಂದರು. ಅದೇ ತಿಂಗಳಲ್ಲಿ ಪ್ರಕಾಶನ ಸಂಸ್ಥೆಯೊಂದು ಮಿಕುವಿನ ಜನಪ್ರಿಯ ಹಾಡೊಂದನ್ನು, ಕೃತಿಶುಲ್ಕವನ್ನು ವಸೂಲುಮಾಡುವ 'ಜಸ್ರಾಕ್' ಸಂಘದಲ್ಲಿ ದಾಖಲು ಮಾಡಿಸಿದಾಗ, ಎಲ್ಲರೂ ಸೇರಿ ಉತ್ತ ಹೊಲಕ್ಕೆ ಒಬ್ಬರು ಬೇಲಿ ಹಾಕಿದಂತಾಯಿತೆಂದು ದೊಡ್ಡ ಕೋಲಾಹಲವೆದ್ದಿತು. ಉಭಯ ಪಕ್ಷದವರೂ ಮಾತಾಡಿಕೊಂಡು ಸಮಾಧಾನಕ್ಕೆ ಬಂದರು. ಹಂಚಿಕೊಂಡು ಬಾಳುವ ನೀತಿಯನ್ನು ಕಾಯಲು ಜನರು ಎಚ್ಚರವಾಗಿದ್ದರೆಂಬುದು ಇದರಿಂದ ವ್ಯಕ್ತವಾಯಿತು.

ಲೋಕನೀತಿಗೆ ವಿರುದ್ಧವಾದ ಸಾಹಿತ್ಯವನ್ನು ಈ ಕಂಠದಿಂದ ಹಾಡಿಸಿ ಪ್ರಕಟಿಸಕೂಡದೆಂಬ ಕಟ್ಟಳೆಯೂ ಒಪ್ಪಂದದಲ್ಲಿದೆ. ಇದು ಸ್ವಾತಂತ್ರ್ಯಕ್ಕೆ ಕುಂದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ನೀತಿ ಯಾವುದು, ಅನೀತಿ ಯಾವುದು ಎಂಬ ತೀರ್ಮಾನವು ಒಂದು ವ್ಯಾಪಾರ ಸಂಸ್ಥೆಯ ಕೈಯಲ್ಲಿರುವುದು ನಮಗೂ ಹಿತವೆನಿಸುವುದಿಲ್ಲ; ಯಜಮಾನನು ಕೊಟ್ಟ ಸ್ವಾತಂತ್ರ್ಯವನ್ನು ಯಜಮಾನನೇ ಹಿಂತೆಗೆದುಕೊಳ್ಳಬಹುದು. ಆದರೆ ಆ ಕಟ್ಟಳೆಯ ಹಿಂದೆ ಜೀವಂತ ನಟಿಯೊಬ್ಬಳ ಮಾನವೂ ಇದೆಯೆಂಬುದನ್ನು ಬಿಡುವಂತಿಲ್ಲ. ಆಕೆ ಕಂಠವನ್ನು ಒಪ್ಪಿ ಕೊಟ್ಟಳು. ಇಂಥ ಕಾರ್ಯಕ್ಕೆಂದು ತಿಳಿದು ಕೊಟ್ಟಳು. ಸಾವಿರಾರು ಜನರ ರಚನಾಸ್ವಾತಂತ್ರ್ಯಕ್ಕೆ ಅಡಿಗಲ್ಲಾದುದು ಈ ಒಪ್ಪಿಗೆಯೇ.

ಈಗ ಕಾಲ ಬದಲಾಗಿದೆ. ಅಕ್ಷರ ಅಕ್ಷರವಾಗಿ ಹೇಳಿಸುವ ಶ್ರಮವಿಲ್ಲದೆ, ಹಳೆಯ ಮುದ್ರಿಕೆಗಳನ್ನು ಕೇಳಿಸಿದರೆ ಸಾಕು, ಕೃತಕ ಬುದ್ಧಿಯ ಯಂತ್ರವು ಯಾರ ಕಂಠವನ್ನಾದರೂ ಅನುಕರಿಸಬಲ್ಲುದು. 1989ರಲ್ಲಿ ತೀರಿಕೊಂಡ ಗಾಯಕಿ ಮಿಸೊರಾ ಹಿಬಾರಿಯವರ ಕಂಠದಿಂದ 2019ರಲ್ಲಿ ಹೊಸ ಹಾಡೊಂದನ್ನು ಹಾಡಿಸಿದಾಗ ಕಣ್ಣೀರು ಸುರಿಸಿದವರೂ ಇದ್ದರು, ಇದು ಸತ್ತವರಿಗೆ ಮಾಡಿದ ಅಪಚಾರವೆಂದವರೂ ಇದ್ದರು. ನಮ್ಮಲ್ಲಿ ಎ. ಆರ್. ರಹಮಾನ್ ಅವರು 2024ರ 'ಲಾಲ್ ಸಲಾಂ' ತಮಿಳು ಚಿತ್ರಕ್ಕಾಗಿ ದಿವಂಗತರಾದ ಇಬ್ಬರು ಗಾಯಕರ ಕಂಠಗಳನ್ನು ಬಳಸಿದರು. ಮನೆಯವರನ್ನು ಕೇಳಿ, ಸಂಭಾವನೆ ಕೊಟ್ಟು ಬಳಸಿದೆವೆಂದು ತಿಳಿಸಿದರು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್ ಅವರು ತಮ್ಮ ಕಂಠದ ಅನಧಿಕೃತ ಅನುಕರಣೆಯ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕು ರಕ್ಷಣೆ ಪಡೆಯಬೇಕಾಯಿತು. ಕನ್ನಡಿಗರ ಮನೆಮನೆಗೂ ಬೇಕಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ತೆಲುಗು ಚಿತ್ರವೊಂದರಲ್ಲಿ ಒಪ್ಪಿಗೆಯಿಲ್ಲದೆ ಯಂತ್ರದಿಂದ ಹುಟ್ಟಿಸಿದರೆಂದು ಅವರ ಮಗನು ವಕೀಲರ ಮೂಲಕ ನೋಟೀಸು ಕಳುಹಿಸಿದುದೂ ಆಗಲೇ.

ಕೇಳದೆ ತೆಗೆದುಕೊಳ್ಳುವುದಕ್ಕೂ ರಚನಾಸ್ವಾತಂತ್ರ್ಯವೆಂಬ ಹೆಸರನ್ನೇ ಇಟ್ಟು ವಾದಿಸುವವರು ಹೊರಟಿದ್ದಾರೆ. ಇದನ್ನು ನಾವು ಒಪ್ಪಲಾರೆವು. ಪದ ಕಟ್ಟುವವನ ಬಿಡುಗಡೆಗಾಗಿ ಹಾಡುವವನನ್ನು ಕಟ್ಟಿಹಾಕುವುದು ಸ್ವಾತಂತ್ರ್ಯವಲ್ಲ. ಹೊಸ ರಚನೆಗೆ ಕಂಠ ಬೇಕಾದವರಿಗೆ ಒಪ್ಪಿ ಕೊಟ್ಟ ಕಂಠಗಳಿಗೆ ಕೊರತೆಯೂ ಇಲ್ಲ. ಜಪಾನಿನಲ್ಲಿ 2008ರಲ್ಲಿ ಬಂದ 'ಉತೌ' ಎಂಬ ಉಚಿತ ತಂತ್ರಾಂಶದಲ್ಲಿ ಎಷ್ಟೋ ಜನ ತಮ್ಮ ಸ್ವಂತ ಕಂಠವನ್ನೇ ಮುದ್ರಿಸಿ, ತಮ್ಮ ತಮ್ಮ ನಿಬಂಧನೆಯೊಡನೆ ಪರರ ಉಪಯೋಗಕ್ಕೆ ಬಿಟ್ಟಿದ್ದಾರೆ.

ಆದುದರಿಂದ ಸರ್ಕಾರದವರೂ ಶಾಸನಕರ್ತರೂ ಪ್ರತಿಯೊಬ್ಬ ಗಾಯಕನೂ ನ್ಯಾಯಾಲಯದ ಮೆಟ್ಟಿಲೇರಲೆಂದು ಕಾದು ಕೂರದೆ, ಬದುಕಿರುವವರ ಕಂಠಕ್ಕೆ ಅವರ ಲಿಖಿತ ಒಪ್ಪಿಗೆ, ಗತಿಸಿದವರ ಕಂಠಕ್ಕೆ ಅವರು ಬದುಕಿದ್ದಾಗ ತಿಳಿಸಿದ ಇಚ್ಛೆ ಮತ್ತು ವಾರಸುದಾರರ ಸಮ್ಮತಿ ಇವುಗಳನ್ನು ಸ್ಪಷ್ಟ ಶಾಸನದಿಂದ ವಿಧಿಸತಕ್ಕದ್ದು. ಹಾಗೆ ದೊರೆತ ಕಂಠದಿಂದ ಕಟ್ಟಿದ ಹಾಡು ಕಟ್ಟಿದವನಿಗೇ ಸೇರತಕ್ಕದ್ದೆಂಬುದನ್ನೂ ಅದರಲ್ಲಿಯೇ ಸಾರಬೇಕು. ಜಪಾನಿನಲ್ಲಿ ಸಂಸ್ಥೆಯೊಂದರ ಔದಾರ್ಯದಿಂದ ನಡೆದುದು ನಮ್ಮಲ್ಲಿ ಪ್ರಜೆಗಳ ಹಕ್ಕಾಗಿ ನಡೆಯಲಿ.