ಮೈಕ್ರಾನ್ ಲೆಕ್ಕದ ಹೊಳಪು

ಮಳೆಗಾಲ ಮುಗಿದು ಕುದುರೆಮುಖದ ಪಕ್ಕದ ಸಂಸೆಯಲ್ಲಿ ಬಿಸಿಲು ಚುರುಕಾದ ಮೇಲೆ, ತೊಳೆದು ನಿಲ್ಲಿಸಿದ ಕಪ್ಪು ಕಾರೊಂದರ ಬಾನೆಟ್ ನೋಡಿ. ಅದರಲ್ಲಿ ಸೂರ್ಯನ ಬಿಂಬ, ಬಿಂಬದ ಸುತ್ತ ಉಂಗುರ ಉಂಗುರವಾಗಿ ನವಿರಾದ ಗೆರೆಗಳು. ತಲೆ ಆಚೀಚೆ ಆಡಿಸಿದರೆ ಉಂಗುರಗಳೂ ನಿಮ್ಮ ಜತೆಗೇ ಸರಿಯುತ್ತವೆ. ಅಂದಮೇಲೆ ಅಲ್ಲಿ ಯಾರೂ ವೃತ್ತ ಕೊರೆದಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿವೆ. ಆದರೆ ಪ್ರತಿ ಗೀರೂ ತನಗೆ ಅಡ್ಡಲಾಗಿ ಬಂದ ಬೆಳಕನ್ನಷ್ಟೇ ನಮ್ಮ ಕಣ್ಣಿನತ್ತ ಚೆಲ್ಲುತ್ತದೆ. ಬಿಂಬದ ಸುತ್ತ ಹಾಗೆ ಅಡ್ಡ ಬಿದ್ದವು ಮಾತ್ರ ಮಿನುಗಿ, ಉಳಿದವು ಕಾಣದೆ ಹೋಗುವುದರಿಂದ ಅದು ವೃತ್ತದಂತೆ ತೋರುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರುಗಳಿರುತ್ತವೆ. ಅಡಿಯ ಬಣ್ಣದಿಂದ ಬರುವ ಬೆಳಕಿನಲ್ಲಿ ಅವು ಮುಚ್ಚಿಹೋಗುತ್ತವೆ, ಅಷ್ಟೇ.

ಈ ಗೀರುಗಳಲ್ಲಿ ಬಹುಪಾಲು ಬರುವುದು ಓಡಿಸುವಾಗಲ್ಲ, ತೊಳೆಯುವಾಗ. ಅದಕ್ಕೆ ಕಾರಣ ಇಲ್ಲಿನ ಮಣ್ಣು. 2005ರ ಕೊನೆಯವರೆಗೂ ಪಕ್ಕದ ಕುದುರೆಮುಖದಲ್ಲಿ ಅಗೆಯುತ್ತಿದ್ದ ಅದಿರು ಮ್ಯಾಗ್ನಟೈಟ್ ಮತ್ತು ಬೆಣಚುಕಲ್ಲು ಪಟ್ಟೆಪಟ್ಟೆಯಾಗಿ ಸೇರಿದ ಬಂಡೆಯದು. ಈ ಸೀಮೆಯ ಮಣ್ಣಿನಲ್ಲಿ, ಹೊಳೆಯ ಮರಳಿನಲ್ಲಿ ಬೆಣಚಿನ ಪುಡಿ ಧಾರಾಳ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾನಕದಲ್ಲಿ ಬೆಣಚಿಗೆ 7, ಕಿಟಕಿಯ ಗಾಜಿಗೆ ಸುಮಾರು 5.5. ಕಾರಿನ ಮೇಲ್ಪದರ ಒಂದು ಬಗೆಯ ಪ್ಲಾಸ್ಟಿಕ್, ಗಾಜಿಗಿಂತಲೂ ಎಷ್ಟೋ ಮೆತ್ತಗಿನದು. ಕೆಸರು ಮೆತ್ತಿದ ಕಾರನ್ನು ಭದ್ರಾ ಹೊಳೆಯ ಅಂಚಿಗಿಳಿಸಿ ಹಳೇ ಬನಿಯನ್ನಿನಿಂದ ಗಸಗಸ ಉಜ್ಜಿದರೆ ಆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ.

ಅಡಿಕೆ ತೋಟವಿದ್ದವರಿಗೆ ಇನ್ನೊಂದು ಕಾಟವಿದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಂಗಳದಲ್ಲಿ ನಿಂತ ಕಾರಿಗೂ ಒಂದು ಪಾಲು ಬೀಳುತ್ತದೆ. ಆ ಔಷಧಿಯಾದ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹನಿ ಒಣಗಿದಾಗ ನೀಲಿ ಛಾಯೆಯ ಸುಣ್ಣದ ಕಲೆ ಕೂರುತ್ತದೆ. ಅದನ್ನು ಉಗುರಿನಿಂದ ಕೆರೆಯಬೇಡಿ, ಪಾಲಿಶ್ ಹಾಕಿ ಉಜ್ಜಲೂ ಬೇಡಿ. ಸುಣ್ಣವೂ ತಾಮ್ರದ ಅಂಶವೂ ಆಮ್ಲಕ್ಕೆ ಕರಗುತ್ತವೆ. ನೀರು ಬೆರೆಸಿದ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಕಲೆಯ ಮೇಲೆ ಹಾಕಿಟ್ಟು, ಆಮೇಲೆ ಧಾರಾಳ ನೀರಿನಲ್ಲಿ ತೊಳೆದರೆ ಸಾಕು.

ಇನ್ನು ಪಾಲಿಶ್. ಅದು ಗೀರನ್ನು ತುಂಬುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ತುಂಬುವುದು ವ್ಯಾಕ್ಸ್, ಅದೂ ಕೆಲವು ದಿನಕ್ಕೆ. ಪಾಲಿಶ್ ಮಾಡುವುದು ಸವೆಸುವ ಕೆಲಸ. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಸುತ್ತಲಿನ ಮೇಲ್ಮೈಯನ್ನು ಅಲ್ಲಿಯವರೆಗೂ ಇಳಿಸಿದಾಗ ಗೀರು ಇಲ್ಲವಾಗುತ್ತದೆ. ಹಾಗಾದರೆ ಇಳಿಸಲು ನಮ್ಮ ಬಳಿ ಎಷ್ಟಿದೆ? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70. ನಾವು ಕೈಯಾಡಿಸಬಹುದಾದ ಕ್ಲಿಯರ್ ಕೋಟ್ ಬರೀ 40-50 ಮೈಕ್ರಾನ್. ಅದರಲ್ಲೂ ಎಲ್ಲವೂ ನಮ್ಮದಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಬಣ್ಣವನ್ನು ಕಾಯುವ ರಾಸಾಯನಿಕಗಳು ಇರುವುದು ಅದೇ ಪದರದಲ್ಲಿ. ಅದು ತೀರಾ ತೆಳುವಾದರೆ ಕೆಲ ವರ್ಷಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ತೆಗೆಯುವ ಆಸೆಯನ್ನೇ ಬಿಡಬೇಕು.

ಎಷ್ಟು ಸವೆಯುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ. ಗಾಜಿನ ಪಾಲಿಶ್ ಬಗ್ಗೆ ಅಧ್ಯಯನ ಮಾಡಿದ ಎಫ್. ಡಬ್ಲ್ಯು. ಪ್ರೆಸ್ಟನ್ 1927ರಲ್ಲಿ ಹೇಳಿದ್ದು: ಸವೆತದ ದರ ಒತ್ತಡಕ್ಕೂ ಉಜ್ಜುವ ವೇಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ದ್ವಿಗುಣ ಮಾಡಿದರೆ ಸವೆತ ನಾಲ್ಕು ಪಟ್ಟು.

ಹೊಸಬರು ಕೆಡಿಸುವ ಜಾಗಗಳೆಲ್ಲ ಈ ಸೂತ್ರದಲ್ಲೇ ಇವೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗೆರೆಗಳ ಮೇಲೆ ಪಾಲಿಶ್ ಯಂತ್ರದ ಪ್ಯಾಡ್ ಕೂತಾಗ ಇಡೀ ಭಾರ ಒಂದು ಗೆರೆಯ ಮೇಲೆ ಬೀಳುತ್ತದೆ. ಅಲ್ಲಿ ಬಣ್ಣವೂ ಬೇರೆಡೆಗಿಂತ ತೆಳುವಾಗಿರುವುದುಂಟು. ಅದಕ್ಕೇ ಅನುಭವಿ ಪೇಂಟರ್‌ಗಳು ಅಂಚುಗಳಿಗೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚುತ್ತಾರೆ. ಕೆಲವರು ಆ್ಯಂಗಲ್ ಗ್ರೈಂಡರಿಗೇ ಉಣ್ಣೆಯ ಪ್ಯಾಡ್ ಸಿಕ್ಕಿಸಿ ಬಫಿಂಗ್‌ಗೆ ನಿಲ್ಲುತ್ತಾರೆ. ನಿಮಿಷಕ್ಕೆ ಸುಮಾರು 11,000 ಸುತ್ತಿನ ಆ ಯಂತ್ರ ಕಬ್ಬಿಣ ಕತ್ತರಿಸಲು ಹುಟ್ಟಿದ್ದು. ಬಫಿಂಗ್‌ನ ರೋಟರಿ ಯಂತ್ರಗಳು 600ರಿಂದ 3,000 ಸುತ್ತಿನೊಳಗೆ ಓಡುತ್ತವೆ. ಗ್ರೈಂಡರ್ ಒಂದೇ ಕಡೆ ಕೆಲವು ಸೆಕೆಂಡು ನಿಂತರೂ ಕ್ಲಿಯರ್ ಕೋಟ್ ಕಾದು, ಮೆತ್ತಗಾಗಿ, ಸುಟ್ಟುಹೋಗುತ್ತದೆ.

ಕಲಿಯುವವರಿಗೆ ಸರಿಯಾದದ್ದು ಡ್ಯುಯಲ್ ಆ್ಯಕ್ಷನ್ ಯಂತ್ರ. ಅದರ ಪ್ಯಾಡ್ ತಿರುಗುವುದರ ಜತೆಗೆ ಒಂದು ಸಣ್ಣ ಕಕ್ಷೆಯಲ್ಲಿ ಓಲಾಡುತ್ತದೆ. ಹಾಗಾಗಿ ಉಜ್ಜುಪುಡಿಯ ಯಾವ ಕಣವೂ ಅದೇ ದಾರಿಯಲ್ಲಿ ಮತ್ತೆ ಮತ್ತೆ ಹಾಯುವುದಿಲ್ಲ, ಶಾಖವೂ ಹರಡಿಹೋಗುತ್ತದೆ. ಜೋರಾಗಿ ಒತ್ತಿದರೆ ಪ್ಯಾಡಿನ ತಿರುಗಾಟ ನಿಂತು ಬರೀ ನಡುಗುತ್ತದೆ. ಹಿಂಬದಿಯ ತಟ್ಟೆಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಅದು ತಿರುಗುತ್ತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ.

ಗುಜರಿಯಿಂದ ತಂದ ಹಳೇ ಬಾನೆಟ್ ಮೇಲೆ ಕೈ ಪಳಗಿಸಿಕೊಳ್ಳಿ. ಕೆಲಸ ನೆರಳಿನಲ್ಲಿ ನಡೆಯಲಿ, ತಗಡು ತಣ್ಣಗಿರಲಿ, ಕರೆಂಟು ಕೊಡುವ ಮೆಸ್ಕಾಂ ಕೃಪೆಯೂ ಇರಲಿ. ಒಂದೂವರೆ ಅಡಿ ಚೌಕದಷ್ಟು ಜಾಗ, ಮೃದುವಾದ ಫೋಮ್ ಪ್ಯಾಡ್, ಅದರ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ನಯವಾದ ಪಾಲಿಶ್. ಮೊದಲು ನಿಧಾನ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವಂತೆ ಉದ್ದಕ್ಕೂ ಅಡ್ಡಕ್ಕೂ ನಾಲ್ಕೈದು ಸಲ ಹಾಯಿಸಿ. ಪಾಲಿಶ್‌ನಲ್ಲಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನ ಸಣ್ಣ ಕಣಗಳು, ಜತೆಗೆ ಎಣ್ಣೆ. ಆ ಎಣ್ಣೆ ಗೀರುಗಳಲ್ಲಿ ಕೂತು ಕೆಲಸ ಮುಗಿದಂತೆ ತೋರಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಒರೆಸಿ, ಟಾರ್ಚ್ ಬಿಟ್ಟು ನೋಡಿದರೆ ನಿಜ ಹೊರಬರುತ್ತದೆ. ಗೀರು ಉಳಿದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದ ಕಾಂಪೌಂಡ್‌ಗೆ ಹೋಗಬೇಕು. ಮೊದಲ ದಿನವೇ ರಬ್ಬಿಂಗ್ ಕಾಂಪೌಂಡ್ ಡಬ್ಬಿಗೆ ಕೈಹಾಕುವುದು ಅವಸರದ ಕೆಲಸ.

ನೂರಕ್ಕೆ ನೂರು ಗೀರು ಹೋಗಲೇಬೇಕೆಂಬ ಹಟವೂ ಬೇಡ. ಮೇಲ್ಮೈಯ ಏರುತಗ್ಗು ಬೆಳಕಿನ ಅಲೆಯುದ್ದದ ಎಂಟರಲ್ಲೊಂದು ಭಾಗಕ್ಕಿಂತ ಕಡಿಮೆಯಾದರೆ ಅದು ಕನ್ನಡಿಯಂತೆ ವರ್ತಿಸುತ್ತದೆ ಎಂಬುದು ಲಾರ್ಡ್ ರೇಲಿ ಕೊಟ್ಟ ಅಂದಾಜು. ಕಣ್ಣಿಗೆ ಕಾಣುವ ಬೆಳಕಿಗೆ ಅದು ಮೈಕ್ರಾನಿನ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ. ಅಲ್ಲೊಂದು ಇಲ್ಲೊಂದು ಆಳದ ಗೀರು ಉಳಿದರೂ ಸುತ್ತಲಿನ ಮೇಲ್ಮೈ ಆ ಮಟ್ಟಕ್ಕೆ ನುಣುಪಾಗಿದ್ದರೆ ಕಾರು ಹೊಳೆಯುತ್ತದೆ. ಆ ಒಂದು ಗೀರಿಗಾಗಿ ಇಡೀ ಬಾಗಿಲಿನಿಂದ ಐದು ಮೈಕ್ರಾನ್ ತೆಗೆಯುವುದು ನಷ್ಟದ ವ್ಯಾಪಾರ.

ಹತ್ತಿರದ ಮುಳ್ಳೋಡಿಗೆ ಕುದುರೆಮುಖದ ಚಾರಣಿಗರನ್ನು ಹೊತ್ತೊಯ್ಯುವ ಜೀಪುಗಳಿಗೆ ಈ ಉಪಚಾರ ಯಾವುದೂ ಬೇಡ. ಹಳೇ ಜೀಪುಗಳಲ್ಲಿ ಕ್ಲಿಯರ್ ಕೋಟೇ ಇರುವುದಿಲ್ಲ. ಉಜ್ಜಿದ ಪ್ಯಾಡಿಗೆ ಬಣ್ಣವೇ ಹತ್ತಿದರೆ ಅದು ಒಂದೇ ಪದರದ ಪೇಂಟ್ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ. ಉಳಿದ ಕಾರುಗಳಿಗೂ ಅವುಗಳ ಆಯುಷ್ಯದಲ್ಲಿ ಇಂಥ ಪಾಲಿಶ್ ಬೆರಳೆಣಿಕೆಯಷ್ಟು ಸಲ ಸಾಕು. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಎರಡು ಬಕೆಟ್, ಒಂದು ಮೈಕ್ರೋಫೈಬರ್ ಕೈಗವಸು ಕೊಳ್ಳಿ. ಪೈಪಿನ ನೀರು ಬಿಟ್ಟು ಮಣ್ಣೆಲ್ಲ ಇಳಿಯುವವರೆಗೆ ಕಾರಿಗೆ ಕೈ ಹಚ್ಚಬೇಡಿ. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು.