ಡಿಎನ್‌ಎ ಆರ್ಡರಿಗೆ ಬೇಕಾದ ಕಾವಲು

2002ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಎಕಾರ್ಡ್ ವಿಮ್ಮರ್ ಮತ್ತು ಸಂಗಡಿಗರು ಪೋಲಿಯೊ ವೈರಸ್ಸನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ರೋಗಿಯಿಂದ ತೆಗೆದ ಮಾದರಿ ಅವರಿಗೆ ಬೇಕಾಗಲಿಲ್ಲ. ಸುಮಾರು 7,500 ಅಕ್ಷರಗಳ ಅದರ ಜೀನೋಮ್ ಆಗಲೇ ಪ್ರಕಟವಾಗಿತ್ತು. ಡಿಎನ್‌ಎ ತುಣುಕುಗಳನ್ನು ಕಂಪನಿಯಿಂದ ಅಂಚೆಯಲ್ಲಿ ತರಿಸಿ ಜೋಡಿಸಿದರು. ಸಿಡುಬಿನ ಸಮೀಪ ಬಂಧುವಾದ ಹಾರ್ಸ್‌ಪಾಕ್ಸ್ ವೈರಸ್ಸನ್ನೂ ಹೀಗೆ ಕಟ್ಟಿದ ವಿವರವನ್ನು ಕೆನಡಾದ ಡೇವಿಡ್ ಇವಾನ್ಸ್ ತಂಡ 2018ರಲ್ಲಿ ಪ್ರಕಟಿಸಿತು. ಅದರ ಜೀನೋಮಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ.

ಇವರು ವಿಜ್ಞಾನಿಗಳು. ದುರುದ್ದೇಶ ಉಳ್ಳವರು ಇಂಥ ತುಣುಕುಗಳನ್ನು ತರಿಸಿಕೊಂಡರೆ? ಅವರನ್ನು ತಡೆಯಲು ಅತ್ಯಂತ ಅನುಕೂಲದ ಜಾಗ ಡಿಎನ್‌ಎ ಮಾರುವ ಕಂಪನಿಯೇ. ಬಂದ ಪ್ರತಿ ಆರ್ಡರನ್ನೂ ಅಪಾಯಕಾರಿ ರೋಗಾಣು, ವಿಷಗಳ ದತ್ತಸಂಚಯದೊಂದಿಗೆ ಹೋಲಿಸುವ ತಂತ್ರಾಂಶ ಅಲ್ಲಿ ಕೆಲಸ ಮಾಡಬೇಕು.

ಬರೀ ಅಕ್ಷರ ಹೋಲಿಸಿದರೆ ಸಾಲದು. ಒಂದೇ ಸಂಗತಿಯನ್ನು ಧಾರವಾಡದಲ್ಲಿ ಒಂದು ಬಗೆಯಲ್ಲಿ, ಮಂಗಳೂರಿನಲ್ಲಿ ಇನ್ನೊಂದು ಬಗೆಯಲ್ಲಿ ಹೇಳುವಂತೆ, ಒಂದೇ ಪ್ರೋಟೀನನ್ನು ಡಿಎನ್‌ಎ ನಾನಾ ರೀತಿ ಬರೆಯಬಲ್ಲದು. ಲ್ಯೂಸಿನ್ ಎಂಬ ಒಂದು ಅಮೈನೊ ಆಮ್ಲಕ್ಕೇ ಆರು ಸಂಕೇತಗಳಿವೆ. ಹಾಗಾಗಿ ಒಳ್ಳೆಯ ತಂತ್ರಾಂಶ ತುಣುಕನ್ನು ಎರಡೂ ಎಳೆಗಳಲ್ಲಿ, ಒಟ್ಟು ಆರು ಬಗೆಯಲ್ಲಿ ಓದಿ, ಹುಟ್ಟಬಹುದಾದ ಪ್ರೋಟೀನನ್ನೂ ಪರೀಕ್ಷಿಸುತ್ತದೆ. ನಿರಪಾಯಕಾರಿ ಜೀವಿಗಳಲ್ಲೂ ಅಂಥವೇ ಜೀನ್‌ಗಳಿರುವುದರಿಂದ ಸುಳ್ಳು ಎಚ್ಚರಿಕೆಗಳೂ ಬರುತ್ತವೆ; ಕೊನೆಯ ತೀರ್ಮಾನಕ್ಕೆ ಅನುಭವಿ ಕಣ್ಣು ಬೇಕೇ ಬೇಕು. ತುಣುಕನ್ನು ಚಿಕ್ಕದು ಮಾಡಿ ಕಣ್ತಪ್ಪಿಸುವ ದಾರಿಯೂ ಇದೆ. ಅದಕ್ಕೆಂದೇ, ತಪಾಸಿಸಬೇಕಾದ ತುಣುಕಿನ ಕನಿಷ್ಠ ಉದ್ದ 200 ಅಕ್ಷರ ಎಂದಿದ್ದ ಮಿತಿಯನ್ನು 50ಕ್ಕೆ ಇಳಿಸಬೇಕೆಂದು ಅಮೆರಿಕದ 2023ರ ಮಾರ್ಗಸೂಚಿ ಹೇಳಿತು. ಸೆಕ್ಯೂರ್‌ಡಿಎನ್‌ಎ ಎಂಬ ತಂತ್ರಾಂಶ 30 ಅಕ್ಷರಗಳವರೆಗೂ ಇಳಿಯುತ್ತದೆ, ಗ್ರಾಹಕರ ಆರ್ಡರನ್ನು ಗೂಢಲಿಪಿಯಲ್ಲಿ ಗುಟ್ಟಾಗಿಯೇ ಇಟ್ಟು.

ಈಗ ಕೃತಕ ಬುದ್ಧಿಮತ್ತೆಯ ಸವಾಲು ಬಂದಿದೆ. ಮೈಕ್ರೋಸಾಫ್ಟ್ ಸಂಶೋಧಕರು 72 ಅಪಾಯಕಾರಿ ಪ್ರೋಟೀನ್‌ಗಳಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹೊಸ ರೂಪಗಳನ್ನು ಕಂಪ್ಯೂಟರಿನಲ್ಲೇ ರಚಿಸಿ ನೋಡಿದರು. ಅನೇಕವು ತಪಾಸಣೆಯಿಂದ ನುಣುಚಿಕೊಂಡವು. ತಂತ್ರಾಂಶ ತಯಾರಕರೊಡನೆ ಗುಟ್ಟಾಗಿ ಕೂತು ದುರಸ್ತಿ ಮಾಡಿದ ಮೇಲೆ, ನಿಜಕ್ಕೂ ಕೆಲಸ ಮಾಡುವ ಸಂಭವ ಹೆಚ್ಚಿದ್ದವುಗಳಲ್ಲಿ ಸರಾಸರಿ ಶೇಕಡಾ 97ರಷ್ಟು ಸಿಕ್ಕಿಬಿದ್ದವು. ಇದೆಲ್ಲ 2025ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲು ದುರಸ್ತಿ, ಆಮೇಲೆ ಪ್ರಕಟಣೆ ಎಂಬ ಅವರ ಕ್ರಮ ನನಗೆ ಮೆಚ್ಚುಗೆಯಾಯಿತು.

ನನ್ನ ಕಳವಳ ಉಳಿದ ಶೇಕಡಾ 3ರ ಬಗ್ಗೆ ಅಷ್ಟಿಲ್ಲ. ತಪಾಸಣೆಯನ್ನೇ ಮಾಡದ ಮಾರಾಟಗಾರರ ಬಗ್ಗೆ ಇದೆ. ದೊಡ್ಡ ಕಂಪನಿಗಳು 2009ರಲ್ಲಿ ಒಕ್ಕೂಟ ಕಟ್ಟಿಕೊಂಡು ಸ್ವಯಂಪ್ರೇರಣೆಯಿಂದ ಈ ಕೆಲಸ ಮಾಡುತ್ತಿವೆ. ಹೊರಗಿರುವವರು ಖರ್ಚಿನ ನೆಪ ಹೇಳುವಂತಿಲ್ಲ: ಸೆಕ್ಯೂರ್‌ಡಿಎನ್‌ಎ ಉಚಿತ, ಐಬಿಬಿಐಎಸ್ ಎಂಬ ಸಂಸ್ಥೆಯ ‘ಕಾಮನ್ ಮೆಕ್ಯಾನಿಸಂ’ ತಪಾಸಣಾ ತಂತ್ರಾಂಶ ಕೂಡ ಉಚಿತ. ಬೆಂಗಳೂರಿನ ಪ್ರಯೋಗಾಲಯಗಳಿಗೂ ಡಿಎನ್‌ಎ ತುಣುಕುಗಳು ನಿತ್ಯ ಬೇಕಾಗುವ ಸಾಮಗ್ರಿ. ಅವುಗಳನ್ನು ಕೊಳ್ಳುವವರು ತಪಾಸಣೆ ನಡೆಸುವ ಕಂಪನಿಗೇ ಆರ್ಡರ್ ಕೊಡಲಿ; ಸರ್ಕಾರಗಳು ತಪಾಸಣೆಯನ್ನು ಕಡ್ಡಾಯ ಮಾಡಲಿ.